ವರ್ಷಗಟ್ಲೆ ಬಾರ್ನ್‌ನಲ್ಲಿ ಕೂತಿರೋ ಹಾಯಿದೋಣಿನ ಮಾರೋಕೆ ರೆಡಿ ಮಾಡೋದು ಹೇಗೆ

ಯುಗಾದಿ ಹತ್ರ ಬಂತು ಅಂದ್ರೆ ಸಾಕು, ನಂಗೆ ಒಂದೇ ತರದ ಫೋನ್‌ಗಳು ಶುರುವಾಗುತ್ತೆ. "ನಾಲ್ಕು ವರ್ಷದಿಂದ ಬೋಟು ಸ್ಟೋರೇಜಲ್ಲೇ ಕೂತಿದೆ, ಬಾಡಿಗೆ ಕಟ್ಟಿ ಕಟ್ಟಿ ಸಾಕಾಯ್ತು, ಮಾರ್ಬಿಡೋಣ ಅಂತಿದೀನಿ, ಏನೇನು ಮಾಡ್ಬೇಕು?" ಇಲ್ಲಿ ಮಿಶಿಗನ್‌ಗೆ ಬಂದ ಹೊಸದ್ರಲ್ಲಿ ಇಷ್ಟೊಂದು ನೀರು ನೋಡಿ ಹುರುಪಲ್ಲಿ ಒಂದು ದೋಣಿ ತಗೊಳ್ತೀವಿ, ಎರಡು ಬೇಸಿಗೆ ಓಡಿಸ್ತೀವಿ, ಆಮೇಲೆ ಮಕ್ಕಳ ಸಾಕರ್ರು, ರಜ ಅಂದ್ರೆ ಊರಿಗೆ ಹೋಗೋದು, ಕೊನೆಗೆ ದೋಣಿ ಯಾರದ್ದೋ ಬಾರ್ನ್ (ರೈತರ ದೊಡ್ಡ ಶೆಡ್ಡು) ಒಳಗೆ ಧೂಳು ಹಿಡ್ಕೊಂಡು ಕೂತಿರುತ್ತೆ. ಎಲ್ರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಒಂದ್ಸಲ ಬರೆದಿಡ್ತೀನಿ.

ಉದಾಹರಣೆಗೆ ಕ್ಯಾಟಲೀನಾ 22 ಇಟ್ಕೊಂಡಿದೀನಿ, ಯಾಕಂದ್ರೆ ನಮ್ಮಲ್ಲಿ ಕೇಳೋರಲ್ಲಿ ಮುಕ್ಕಾಲು ಪಾಲು ಜನರ ಹತ್ರ ಇರೋದು ಅದೇ. ಫ್ರಾಂಕ್ ಬಟ್ಲರ್ ಡಿಸೈನ್ ಮಾಡಿದ್ದು, 1969ರಿಂದ ಶುರುವಾಗಿ 15 ಸಾವಿರಕ್ಕೂ ಹೆಚ್ಚು ದೋಣಿ ಬಂದಿವೆ, ಟ್ರೇಲರ್ ಮೇಲೆ ಎಳ್ಕೊಂಡು ಹೋಗಬಹುದಾದ ಸಣ್ಣ ಫೈಬರ್‌ಗ್ಲಾಸ್ ದೋಣಿ. ನಿಮ್ಮದು ಬೇರೆ ಮಾಡೆಲ್ ಆದ್ರೂ ಇದರಲ್ಲಿ ಹೆಚ್ಚಿನದೆಲ್ಲ ಅನ್ವಯಿಸುತ್ತೆ, ಕೀಲ್ (ದೋಣಿ ತಳದ ಭಾರದ ರೆಕ್ಕೆ) ವಿಷಯ ಮಾತ್ರ ಬೇರೆ ಇರಬಹುದು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಜನ ಮಾರೋಕೆ ಹೊರಟ ತಕ್ಷಣ ಹೊಸ ಪೇಂಟು, ಹೊಸ ಕುಶನ್ನು, ಬ್ಲೂಟೂತ್ ಸ್ಟೀರಿಯೋ ಅಂತ ದುಡ್ಡು ಸುರಿತಾರೆ, ಅದ್ಯಾವುದೂ ವಾಪಸ್ ಬರಲ್ಲ. ನೋಡೋಕೆ ಬರೋನ ತಲೇಲಿ ಓಡ್ತಿರೋದು ಒಂದೇ, ಇದರಲ್ಲಿ ನಂಗೆ ಕಾಣದೇ ಇರೋದು ಏನಿದೆ ಅಂತ. ಆ ಅನುಮಾನಕ್ಕೆ ಅವನು ರೇಟ್ ಇಳಿಸ್ತಾನೆ, ಇಲ್ಲಾ ವಾಪಸ್ ಹೋಗ್ತಾನೆ. ಹಾಗಾಗಿ ನಿಮ್ಮ ಟೈಮು ದುಡ್ಡು ಎರಡೂ ಹೋಗ್ಬೇಕಾಗಿರೋದು ದೋಣಿ ಒಣಗಿರೋ ಹಾಗೆ, ಎಲ್ಲಾ ಮೂಲೆ ಬಿಚ್ಚಿ ತೋರಿಸೋ ಹಾಗೆ, ಎಂಜಿನ್ನು ಟ್ರೇಲರ್ರು ಓಡೋ ಹಾಗೆ ಮಾಡೋದಕ್ಕೆ.

ಏನೇನು ಬೇಕು ಅಂದ್ರೆ: ಒಳ್ಳೆ ಟಾರ್ಚು, ಭೂತಗನ್ನಡಿ, ಪ್ಲಾಸ್ಟಿಕ್ ಹಿಡಿ ಇರೋ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಬ್ಯೂಟೈಲ್ ಟೇಪು (ಸೋರೋ ಕಡೆ ಹಾಕೋ ಅಂಟು ಪಟ್ಟಿ), ಡಿಹ್ಯುಮಿಡಿಫೈಯರ್ (ತೇವ ಹೀರೋ ಮಷೀನು), ಗಾರ್ಡನ್ ಹೋಸು, ಮತ್ತೆ ಮೂರ್ನಾಲ್ಕು ವೀಕೆಂಡು. ಒಂದೇ ಶನಿವಾರದಲ್ಲಿ ಮುಗಿಸ್ತೀನಿ ಅಂದ್ಕೊಂಡ್ರೆ ಅದು ಆಗೋ ಮಾತಲ್ಲ.

1. ತೊಳಿಯೋಕೆ ಮುಂಚೆ ನೋಡಿ

ಎಲ್ಲರೂ ಮಾಡೋ ತಪ್ಪು ಇದು. ಕವರ್ ತೆಗೆದ ತಕ್ಷಣ ಬಕೆಟ್ಟು ಸೋಪು ಹಿಡ್ಕೊಂಡು ಉಜ್ಜೋಕೆ ಶುರು ಮಾಡ್ತಾರೆ. ಬೇಡ. ಇಷ್ಟು ವರ್ಷ ನೀರು ಎಲ್ಲಿಂದ ಒಳಗೆ ಬಂದಿದೆ ಅಂತ ದೋಣಿ ತಾನೇ ಗೀಟು ಎಳೆದು ಇಟ್ಕೊಂಡಿರುತ್ತೆ, ಕಿಟಕಿ ಕೆಳಗೆ ಕಂದು ಕಲೆ, ಬೋಲ್ಟ್ ಸುತ್ತ ತುಕ್ಕಿನ ಧಾರೆ, ಪ್ಲೈವುಡ್ ತುದಿ ಕಪ್ಪಾಗಿರೋದು. ಅದನ್ನ ಒರೆಸಿಬಿಟ್ರೆ ಆಮೇಲೆ ಹುಡುಕೋದು ಕಷ್ಟ. ಮೊದಲು ಒಳಗೆ ಹೋಗಿ ಎಲ್ಲಾ ಕಲೆಗಳ ಫೋಟೋ ತಗೊಳ್ಳಿ.

ಆಮೇಲೆ ಹವಾ ಸ್ವಲ್ಪ ಬೆಚ್ಚಗಿರೋ ದಿನ ಒಬ್ಬರು ಒಳಗೆ ಟಾರ್ಚ್ ಹಿಡ್ಕೊಂಡು ಕೂತ್ಕೊಳ್ಳಿ, ಇನ್ನೊಬ್ಬರು ಹೊರಗಿಂದ ಹೋಸಲ್ಲಿ ನೀರು ಬಿಡಲಿ. ರಭಸ ಬೇಡ, ಮಳೆ ಬಿದ್ದ ಹಾಗೆ ಸಾಕು. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿಂದ ಬಿಟ್ರೆ ನೀರು ಎಲ್ಲಾ ಕಡೆ ಹರ್ದು ಯಾವುದು ಸೋರ್ತಿದೆ ಅಂತ ಗೊತ್ತೇ ಆಗಲ್ಲ. ಸಾಮಾನ್ಯವಾಗಿ ಸೋರೋದು ಕಿಟಕಿ ಅಂಚು, ಕೈಹಿಡಿ ಸ್ಕ್ರೂಗಳು, ಆಮೇಲೆ ಚೈನ್‌ಪ್ಲೇಟು. ಚೈನ್‌ಪ್ಲೇಟ್ ಅಂದ್ರೆ, ಹಾಯಿ ಕಟ್ಟೋ ಕಂಬಾನ (ಅದೇ ಕೂವೆಮರ, ಮಾಸ್ಟ್) ಎರಡೂ ಪಕ್ಕ ಎಳೆದು ಹಿಡಿಯೋ ವೈರುಗಳು ಡೆಕ್ಕಿಗೆ, ಅಂದ್ರೆ ದೋಣಿ ಮೇಲ್ಮೈಗೆ, ಬಂದು ಸೇರೋ ಸ್ಟೀಲ್ ಪಟ್ಟಿ.

ಸೋರೋ ಕಡೆ ಬೋಲ್ಟ್ ಬಿಚ್ಚಿ, ಹಳೇದನ್ನೆಲ್ಲ ಕೆರೆದು, ಬ್ಯೂಟೈಲ್ ಟೇಪ್ ಹಾಕಿ ವಾಪಸ್ ಬಿಗಿ ಮಾಡಿ. ಮನೆ ಬಾತ್‌ರೂಮಿಗೆ ತಂದಿಟ್ಟಿರೋ ಸಿಲಿಕೋನ್ ದಯವಿಟ್ಟು ಬಳೀಬೇಡಿ, ಅದು ಬಿಟ್ಟು ಹೋಗೋ ಜಿಡ್ಡಿನ ಮೇಲೆ ಆಮೇಲೆ ಬೇರೆ ಏನೂ ಅಂಟಲ್ಲ. 3ಎಂ 5200 ಅನ್ನೋ ಬಿಳಿ ಗೋಂದೂ ಬೇಡ, ಅದು ಹಿಡಿದ್ರೆ ಬಿಡೋದಿಲ್ಲ, ಮುಂದಿನವನು ಆ ಪಟ್ಟಿ ಬಿಚ್ಚೋವಾಗ ಫೈಬರ್‌ಗ್ಲಾಸೇ ಕಿತ್ಕೊಂಡು ಬರುತ್ತೆ. ಹೊರಗಡೆ ಅಂಚಿಗೆ ಸಿಲಿಕೋನ್ ಮೆತ್ತಿರೋದು ಕಂಡ್ರೆ ಅನುಭವ ಇರೋ ಗಿರಾಕಿ ಅಲ್ಲೇ ನಿಂತ್ಕೊಂಡ್ಬಿಡ್ತಾನೆ.

2. ಪೇಪರ್ ಕೆಲ್ಸ ಇವತ್ತೇ ಶುರು ಮಾಡಿ

ಇದನ್ನ ಎರಡನೇ ನಂಬರ್‌ಗೆ ಹಾಕಿರೋದು ಬೇಕಂತಲೇ, ಯಾಕಂದ್ರೆ ಟೈಟಲ್, ಅಂದ್ರೆ ದೋಣಿ ನಿಮ್ದೇ ಅನ್ನೋ ಸರ್ಕಾರಿ ಪತ್ರ, ಕಳೆದುಹೋಗಿದ್ರೆ ಡ್ಯೂಪ್ಲಿಕೇಟ್ ಬರೋವರೆಗೆ ಎಷ್ಟು ಪಾಲಿಶ್ ಮಾಡಿದ್ರೂ ಮಾರೋಕೆ ಆಗಲ್ಲ. ಮಿಶಿಗನ್‌ನಲ್ಲಿ 20 ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಗೆ ಟೈಟಲ್ ಇರಲೇಬೇಕು, ಕಾರಿನ ಹಾಗೇ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಲ್ಲಿ ಆಗುತ್ತೆ. ರಿಜಿಸ್ಟ್ರೇಶನ್ನು ಮೂರು ವರ್ಷದ್ದು, ಮಾರ್ಚ್ 31ಕ್ಕೆ ಮುಗಿಯುತ್ತೆ. ವಿಸ್ಕಾನ್ಸಿನ್, ಮಿನೆಸೋಟದವರಿಗೆ ಈ ಕೆಲ್ಸ ಡಿಎನ್‌ಆರ್ (ನೈಸರ್ಗಿಕ ಸಂಪನ್ಮೂಲ ಇಲಾಖೆ) ಕಡೆಯಿಂದ, ಅಲ್ಲಿನ ನಿಯಮ ಬೇರೆ, ನಿಮ್ಮ ರಾಜ್ಯದ್ದು ನೋಡ್ಕೊಳ್ಳಿ.

ಟ್ರೇಲರ್ ಪೇಪರ್ ಬೇರೆ, ದೋಣಿ ಪೇಪರ್ ಬೇರೆ. ಇದನ್ನ ಮರೆಯೋರೇ ಜಾಸ್ತಿ. ಔಟ್‌ಬೋರ್ಡ್ ಎಂಜಿನ್ನಿನ (ದೋಣಿ ಹಿಂದೆ ನೇತುಹಾಕೋದು) ಸೀರಿಯಲ್ ನಂಬರ್ ಕೂಡ ಬರೆದಿಟ್ಕೊಳ್ಳಿ.

ಹಿಂಬದಿ ಬಲಗಡೆ ಮೇಲ್ಭಾಗದಲ್ಲಿ 12 ಅಕ್ಷರ-ಅಂಕಿಗಳ ಒಂದು ನಂಬರ್ ಇರುತ್ತೆ, ಅದಕ್ಕೆ ಹಲ್ ಐಡೆಂಟಿಫಿಕೇಶನ್ ನಂಬರ್, ಚಿಕ್ಕದಾಗಿ ಎಚ್‌ಐಎನ್ ಅಂತಾರೆ. 1972ರ ನವೆಂಬರ್ ನಂತರ ತಯಾರಾದ ದೋಣಿಗಳಿಗೆಲ್ಲ ಇದು ಕಡ್ಡಾಯ. ಟೈಟಲ್ ಮೇಲಿರೋ ನಂಬರ್ರೂ ಇದೂ ಅಕ್ಷರಶಃ ಒಂದೇ ಇದೆಯಾ ನೋಡಿ. ಸೊನ್ನೆ ಬದ್ಲು 'ಓ' ಅಂತ ಯಾರೋ ಟೈಪ್ ಮಾಡಿರ್ತಾರೆ, ನೀವು ತಗೊಳ್ಳೋವಾಗ ನೋಡಿರಲ್ಲ, ಈಗ ನಿಮ್ಮ ಗಿರಾಕಿ ಕೌಂಟರಲ್ಲಿ ನಿಂತಾಗ ಗೊತ್ತಾಗುತ್ತೆ. 1984ರ ಆಗಸ್ಟ್ ಆದ್ಮೇಲೆ ತಯಾರಾದದ್ದಾದ್ರೆ ಕೊನೇ ಎರಡು ಅಂಕಿನೇ ಮಾಡೆಲ್ ವರ್ಷ. ದೋಣಿ ಮೇಲೆ ಸಾಲ ಇತ್ತಾ? ತೀರಿಸಿದ್ರೂ ಬ್ಯಾಂಕಿಂದ ಲೀನ್ ರಿಲೀಸ್ ಪತ್ರ ಬೇಕು, ಅಂದ್ರೆ ಇದರ ಮೇಲೆ ನಮ್ಮ ಹಕ್ಕು ಏನೂ ಉಳಿದಿಲ್ಲ ಅಂತ ಅವರು ಬರೆದುಕೊಟ್ಟಿರೋ ಕಾಗದ.

3. ಪೂರ್ತಿ ಖಾಲಿ ಮಾಡಿ, ಒಣಗಿಸಿ

ಪೂರ್ತಿ ಅಂದ್ರೆ ಪೂರ್ತಿ. ಕುಶನ್ನು, ಲೈಫ್‌ಜಾಕೆಟ್ಟು, ಹಗ್ಗ, ಲಂಗರು, ಕೊನೇ ಟ್ರಿಪ್ಪಲ್ಲಿ ಬಿಟ್ಟ ಚುರುಮುರಿ ಡಬ್ಬ, ಎಲ್ಲಾ ಆಚೆ. ಕುಶನ್ ಕವರ್ ಬಿಚ್ಚಿ ಒಗೀರಿ, ಸ್ಪಂಜನ್ನ ಬಿಸಿಲಿಗೆ ನಿಲ್ಲಿಸಿ. ಇಲಿ ಗೂಡು ಇದ್ಯಾ ಅಂತ ಹುಡುಕಿ, ಬಾರ್ನಲ್ಲಿಟ್ಟ ದೋಣಿ ಅಂದ್ರೆ ಇಲಿ ಇದ್ದೇ ಇರುತ್ತೆ, ಸೀಟಿನ ಕೆಳಗಿನ ಖಾನೆ ಮತ್ತೆ ಹಾಯಿ ಚೀಲ ಅವುಕ್ಕೆ ಇಷ್ಟವಾದ ಜಾಗ. ಗೂಡು ಸಿಕ್ರೆ ಮಾಸ್ಕ್ ಗ್ಲೌಸ್ ಹಾಕ್ಕೊಂಡು ಸೋಂಕುನಾಶಕ ಸಿಂಪಡಿಸಿ, ಒದ್ದೆ ಮಾಡಿ ಎತ್ತಿ, ಒಣದೂಳು ಗುಡಿಸಬೇಡಿ.

ಈಗ ನೆಲದ ಹಲಗೆ ಎತ್ತಿ. ಅದರ ಕೆಳಗಿನ ಗುಂಡಿಗೆ ಬಿಲ್ಜ್ ಅಂತಾರೆ, ದೋಣಿ ಒಳಗೆ ಬಂದ ನೀರೆಲ್ಲ ಕೊನೆಗೆ ಬಂದು ನಿಲ್ಲೋದು ಅಲ್ಲೇ. ಅಲ್ಲಿ ನೀರಿದ್ರೆ ಬಟ್ಟೆ, ಸ್ಪಂಜಲ್ಲಿ ಪೂರ್ತಿ ಹೀರಿ ತೆಗೀರಿ. ಎರಡು ದಿನ ಬಿಟ್ಟು ಮತ್ತೆ ನೋಡಿ, ಮತ್ತೆ ಬಂದಿದ್ರೆ ಸ್ಟೆಪ್ ಒಂದಕ್ಕೆ ವಾಪಸ್. ಬೂಷ್ಟು ಹಿಡಿದ ಕಡೆ ವಿನಿಗರ್ ನೀರಲ್ಲಿ ಒರೆಸಿ, ಎಲ್ಲಾ ಖಾನೆ ಬಾಗಿಲು ತೆಗೆದಿಟ್ಟು ಡಿಹ್ಯುಮಿಡಿಫೈಯರ್ ವಾರಗಟ್ಲೆ ಓಡಿಸಿ.

ವಾಸನೆ ಬಗ್ಗೆ: ನೋಡೋಕೆ ಬಂದವನು ಮೇಲಿನ ಮುಚ್ಚಳ ಸರಿಸಿ ತಲೆ ಒಳಗೆ ಹಾಕಿದ ಮೊದಲನೇ ಉಸಿರಿಗೇ ಅರ್ಧ ತೀರ್ಮಾನ ಮಾಡಿರ್ತಾನೆ. ಅದಕ್ಕೆ ರೂಮ್ ಫ್ರೆಶ್‌ನರ್ ಹೊಡೆಯೋದು, ಊದ್‌ಬತ್ತಿ ಹಚ್ಚೋದು (ಹೌದು, ಒಬ್ಬರು ಹಚ್ಚಿದ್ರು) ಮಾಡಿದ್ರೆ ಇನ್ನೂ ಕೆಟ್ಟದು, ಏನೋ ಮುಚ್ಚಿಡ್ತಿದಾರೆ ಅಂತಾಗುತ್ತೆ. ಒಣಗಿದ ದೋಣಿಗೆ ಏನೂ ವಾಸನೆ ಇರಲ್ಲ, ನಮಗೆ ಬೇಕಾಗಿರೋದು ಅದೇ.

ನೀರಿನ ಟ್ಯಾಂಕಲ್ಲಿ ಪಿಂಕ್ ಆಂಟಿಫ್ರೀಜ್ ಇದ್ರೆ ಚೆನ್ನಾಗಿ ತೊಳೆದು ಬಿಡಿ. ಪಿಂಕ್ ಅಂದ್ರೆ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್, ಅಷ್ಟೇನೂ ಅಪಾಯ ಇಲ್ಲ. ಯಾರಾದ್ರೂ ಗೊತ್ತಿಲ್ದೆ ಕಾರಿನ ಆಂಟಿಫ್ರೀಜ್ ಹಾಕಿಟ್ಟಿದ್ರೆ ಅದು ಎಥಿಲೀನ್ ಗ್ಲೈಕಾಲ್, ವಿಷ, ಆ ಟ್ಯಾಂಕನ್ನ ಕುಡಿಯೋ ನೀರಿಗೆ ಅಂತ ಹೇಳಿ ಮಾರ್ಬೇಡಿ.

4. ಡೆಕ್ಕು ಮತ್ತೆ ಹೊರಮೈ

ಡೆಕ್ ಅಂದ್ರೆ ನಾವು ಓಡಾಡೋ ಮೇಲ್ಮೈ. ಅದು ಪೂರ್ತಿ ಫೈಬರ್‌ಗ್ಲಾಸ್ ಅಲ್ಲ, ಎರಡು ಪದರ ಫೈಬರ್‌ಗ್ಲಾಸ್ ಮಧ್ಯೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತೆ, ಅದಕ್ಕೆ ಕೋರ್ ಅಂತಾರೆ. ಬೋಲ್ಟ್ ತೂತಲ್ಲಿ ನೀರಿಳಿದ್ರೆ ಆ ಮರ ಒಳಗೇ ಕೊಳೆಯುತ್ತೆ, ಮೇಲಿಂದ ಏನೂ ಕಾಣಲ್ಲ. ಸ್ಕ್ರೂಡ್ರೈವರ್ ತಲೆಕೆಳಗೆ ಹಿಡ್ಕೊಂಡು ಅದರ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನ ಒಂದೊಂದು ಅಂಗುಲಕ್ಕೆ ಕುಟ್ಟುತ್ತಾ ಹೋಗಿ. ಗಟ್ಟಿ ಇರೋ ಕಡೆ ಟಕ್ ಟಕ್ ಅಂತ ಚುರುಕಾಗಿ ಕೇಳುತ್ತೆ, ಕೊಳೆತಿರೋ ಕಡೆ ಡಬ್ ಅಂತ ಮಂಕಾಗುತ್ತೆ, ಸಂತೇಲಿ ತೆಂಗಿನಕಾಯಿ ಬಡಿದು ನೋಡಿದೋರಿಗೆ ಇದನ್ನ ಹೇಳ್ಕೊಡೋದೇ ಬೇಡ. ಕೂವೆಮರ ಕೂರೋ ಜಾಗ, ಚೈನ್‌ಪ್ಲೇಟ್ ಸುತ್ತ, ಆಮೇಲೆ ಮುಂದಿನ ಮುಚ್ಚಳದ ಸುತ್ತ ಜಾಸ್ತಿ ನಿಗಾ ಇಡಿ. ಬರಿಗಾಲಲ್ಲಿ ನಡೆದ್ರೂ ಮೆತ್ತಗಿರೋ ಕಡೆ ಅಂಗಾಲಿಗೆ ಗೊತ್ತಾಗುತ್ತೆ.

ಮೆತ್ತಗಿರೋ ಜಾಗ ಸಿಕ್ರೆ ಏನ್ಮಾಡ್ಬೇಕು? ಅಂಗೈಯಗಲ ಇದ್ದು ನಿಮಗೆ ಇಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿ ಮಾಡೋ ಅಂಟು) ಕೆಲ್ಸ ಬರುತ್ತೆ ಅಂದ್ರೆ ಮಾಡಿ, ಬಿಸಿಲು ಬರೋವರೆಗೆ ಕಾಯ್ರಿ, ಚಳೀಲಿ ಇಪಾಕ್ಸಿ ಸರಿಯಾಗಿ ಗಟ್ಟಿ ಆಗಲ್ಲ. ದೊಡ್ಡದಿದ್ರೆ ಕೈ ಹಾಕ್ಬೇಡಿ, ಪೆನ್ಸಿಲಲ್ಲಿ ಗೀಟೆಳೆದು ಫೋಟೋ ತೆಗೆದು ಜಾಹೀರಾತಲ್ಲೇ ಹಾಕಿ. ಅರ್ಧಂಬರ್ಧ ರಿಪೇರಿ ಅನ್ನೋದು ರಿಪೇರಿ ಇಲ್ಲದಿರೋದಕ್ಕಿಂತ ಕಡೆ.

ಹೊರಮೈ ಬೆಳ್ಳಗೆ ಸುಣ್ಣದ ಪುಡಿ ತರ ಕೈಗೆ ಹತ್ತುತ್ತಾ? ಅದು ಜೆಲ್‌ಕೋಟ್, ಅಂದ್ರೆ ಫೈಬರ್‌ಗ್ಲಾಸಿನ ಮೇಲಿನ ಬಣ್ಣದ ಪದರ, ಬಿಸಿಲಿಗೆ ಮಂಕಾಗಿರೋದು. ಮೊದಲು ತೊಳೆದು, ಪಾಲಿಶ್ ಕಾಂಪೌಂಡ್ (ಉಜ್ಜೋ ಪೇಸ್ಟು) ಹಾಕಿ ಉಜ್ಜಿ, ಆಮೇಲೆ ವ್ಯಾಕ್ಸು. ಸ್ಯಾಂಡ್‌ಪೇಪರ್ ಹಿಡಿಯೋಕೆ ಮುಂಚೆ ಎರಡು ಸಲ ಯೋಚ್ನೆ ಮಾಡಿ, ಹಳೇ ದೋಣಿಲಿ ಆ ಪದರ ಆಗ್ಲೇ ತೆಳ್ಳಗಾಗಿರುತ್ತೆ. ತುಕ್ಕಿನ ಕಲೆಗೆ ಅಡುಗೆಮನೇಲಿರೋ ಬಾರ್ ಕೀಪರ್ಸ್ ಫ್ರೆಂಡೇ ಸಾಕು, ಅದರಲ್ಲಿರೋ ಆಕ್ಸಾಲಿಕ್ ಆಸಿಡ್ ತುಕ್ಕು ತೆಗೆಯುತ್ತೆ. ಟೀಕ್ ಮರದ ಭಾಗಗಳಿಗೆ ಪ್ರೆಶರ್ ವಾಷರ್ ಹಿಡೀಬೇಡಿ, ಮರದ ಮೆತ್ತನೆ ಭಾಗ ಎದ್ದು ಹೋಗಿ ಗೀರು ಗೀರು ಉಳಿಯುತ್ತೆ.

ತಳದ ಪೇಂಟಲ್ಲಿ ಪಾಚಿ ಹಿಡೀದೇ ಇರೋಕೆ ತಾಮ್ರ ಹಾಕಿರ್ತಾರೆ. ಅದನ್ನ ಒಣಗಿರೋವಾಗ ಉಜ್ಜಿದ್ರೆ ಏಳೋ ಧೂಳು ಶ್ವಾಸಕೋಶಕ್ಕೆ ಕೆಟ್ಟದು, ಉಜ್ಜಲೇಬೇಕಿದ್ರೆ ಒದ್ದೆ ಮಾಡಿ, ರೆಸ್ಪಿರೇಟರ್ ಹಾಕ್ಕೊಂಡು. ನನ್ನ ಕೇಳಿದ್ರೆ ಮಾರೋಕೆ ಅಂತ ತಳಕ್ಕೆ ಹೊಸ ಪೇಂಟ್ ಹೊಡಿಯೋದೇ ಬೇಡ. ಹೊಸ ಪೇಂಟ್ ಕಂಡ್ರೆ ಕೆಳಗೆ ಗುಳ್ಳೆ ಇತ್ತಾ ಅಂತ ಕೇಳ್ತಾರೆ.

5. ಕೀಲ್: ಇಲ್ಲಿ ನಿಧಾನವಾಗಿ ಓದಿ

ಕೀಲ್ ಅಂದ್ರೆ ದೋಣಿ ಹೊಟ್ಟೆ ಕೆಳಗೆ ನೀರಿಗಿಳಿಯೋ ಭಾರದ ರೆಕ್ಕೆ, ಗಾಳಿ ಹಾಯಿಗೆ ಹೊಡೆದಾಗ ದೋಣಿ ಮಗುಚದೇ ಇರೋದು, ಪಕ್ಕಕ್ಕೆ ಜಾರದೇ ಇರೋದು ಇದರಿಂದ. ಕ್ಯಾಟಲೀನಾ 22ರಲ್ಲಿ ಹೆಚ್ಚಿನವುಕ್ಕೆ ಸ್ವಿಂಗ್ ಕೀಲ್, ಸುಮಾರು 550 ಪೌಂಡಿನ ಎರಕದ ಕಬ್ಬಿಣ, ಒಂದು ಪಿನ್ ಮೇಲೆ ತಿರುಗುತ್ತೆ, ಒಳಗಿನ ವಿಂಚ್ (ಕೇಬಲ್ ಸುತ್ತೋ ರಾಟೆ) ತಿರುಗಿಸಿ ಕೇಬಲ್ಲಲ್ಲಿ ಮೇಲಕ್ಕೆ ಎಳೀತೀವಿ. ಮೇಲೆತ್ತಿದಾಗ ದೋಣಿಗೆ ಎರಡಡಿ ನೀರು ಸಾಕು, ಇಳಿಸಿದಾಗ ಐದಡಿ ಬೇಕು. ಈ ದೋಣಿ ಇಷ್ಟೊಂದು ಜನಪ್ರಿಯ ಆಗಿದ್ದೂ ಇದರಿಂದಲೇ, ಅದರ ಬಗ್ಗೆ ಗಿರಾಕಿ ಹೆದರೋದೂ ಇದಕ್ಕೇ.

ನೋಡಬೇಕಾಗಿರೋದು ನಾಲ್ಕು. ಕೇಬಲ್ಲು: ಎಳೆ ಬಿಚ್ಚಿದೆಯಾ, ತುಕ್ಕು ಹಿಡಿದಿದೆಯಾ. ವಯಸ್ಸು ಗೊತ್ತಿಲ್ಲ ಅಂದ್ರೆ ಬದಲಾಯಿಸಿ, ಚರ್ಚೆ ಬೇಡ. ಎರಡನೇದು ಕೇಬಲ್ ದೋಣಿ ತಳದಿಂದ ಒಳಗೆ ಬರೋ ಕಡೆ ಒಂದು ಫೈಬರ್‌ಗ್ಲಾಸ್ ಕೊಳವೆ ಇದೆ, ನೋಡೋಕೆ ಪುಟ್ಟ ಜ್ವಾಲಾಮುಖಿ ತರ ಇರೋದ್ರಿಂದ ಎಲ್ರೂ ವಾಲ್ಕೇನೋ ಅಂತಾರೆ. ಅಲ್ಲಿಂದ ಮೇಲಿನ ವಿಂಚ್‌ವರೆಗೆ ಒಂದು ರಬ್ಬರ್ ಹೋಸ್ ಹೋಗುತ್ತೆ, ಎರಡೂ ಕಡೆ ಕ್ಲ್ಯಾಂಪ್ ಇರುತ್ತೆ. ಆ ಹೋಸನ್ನ ಬೆರಳಲ್ಲಿ ಹಿಂಡಿ. ಬಿಸ್ಕೆಟ್ ತರ ಸಣ್ಣ ಸಣ್ಣ ಬಿರುಕು ಕಂಡ್ರೆ, ಕ್ಲ್ಯಾಂಪ್ ಕೆಂಪಗೆ ತುಕ್ಕಾಗಿದ್ರೆ, ದೋಣಿ ನೀರಿಗಿಳಿದ ದಿನ ಅದು ಬಿಟ್ಕೊಂಡ್ರೆ ಕೆರೆ ನೀರು ನೇರ ಒಳಕ್ಕೆ. ಒಂದಡಿಯಷ್ಟೂ ಇಲ್ಲದ ಈ ಹೋಸಿಂದ ದೋಣಿ ಮುಳುಗಬಹುದು. ಹೊಸ ಹೋಸು, ಸ್ಟೇನ್‌ಲೆಸ್ ಕ್ಲ್ಯಾಂಪು ಎರಡೆರಡು ಹಾಕಿ, ಖರ್ಚು ಏನೇನೂ ಇಲ್ಲ, ಗಿರಾಕಿಗೆ ಟಾರ್ಚ್ ಬಿಟ್ಟು ತೋರಿಸಬಹುದು.

ಮೂರನೇದು ಪಿನ್ನು. ವರ್ಷಗಟ್ಲೆ ಅಲ್ಲಾಡಿ ಅಲ್ಲಾಡಿ ಪಿನ್ನೂ ಸವೆಯುತ್ತೆ, ಕೀಲ್‌ನ ತೂತೂ ಮೊಟ್ಟೆ ಆಕಾರಕ್ಕೆ ಬರುತ್ತೆ, ನೀರಲ್ಲಿ ಢಣ್ ಢಣ್ ಅಂತ ಬಡ್ಕೊಳ್ಳುತ್ತೆ. ನಾಲ್ಕನೇದು ಕಬ್ಬಿಣದ ತುಕ್ಕು: ಹಪ್ಪಳದ ಹಾಗೆ ಎದ್ದಿರೋ ಚಕ್ಕೆ ಕೆರೆದು ಪ್ರೈಮರ್ ಹೊಡೀರಿ ಅಷ್ಟೇ. ಮೇಲ್ಮೈ ತುಕ್ಕಿಗೆ ಗಾಬರಿ ಬೇಡ.

ಎಚ್ಚರಿಕೆ, ಇದನ್ನ ಹಗುರವಾಗಿ ತಗೋಬೇಡಿ: ಕೀಲ್ ಬರೀ ಕೇಬಲ್ ಮೇಲೆ ನೇತಾಡ್ತಿರೋವಾಗ ಅದರ ಕೆಳಗೆ ಕೈ ಕಾಲು ತಲೆ ಏನೂ ಹೋಗಬಾರದು. ಕೆಳಗೆ ಮರದ ದಿಮ್ಮಿ ಕೊಟ್ಟು ಭಾರ ಅದರ ಮೇಲೆ ಕೂತ ಮೇಲೇ ಹತ್ರ ಹೋಗಿ. ಪಿನ್ ಬಿಚ್ಚೋ ಕೆಲ್ಸಕ್ಕೆ ದೋಣಿನ ಟ್ರೇಲರಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸ್ಬೇಕು, ಅದನ್ನ ಬೋಟ್‌ಯಾರ್ಡಿಗೆ ಬಿಡಿ. ಮಾಡಿಸಿದ್ರೆ ಬಿಲ್ ಇಟ್ಕೊಳ್ಳಿ. ನನ್ನ ಹಳೇ ದೋಣಿ ಮಾರುವಾಗ ಗಿರಾಕಿ ಒಂದು ಗಂಟೆ ಮುಖ ಗಂಟು ಹಾಕ್ಕೊಂಡು ಸುತ್ತುತ್ತಿದ್ದ, ಹಳೇ ಪಿನ್ ಒಂದು ಡಬ್ಬೀಲಿ ಇಟ್ಟಿದ್ದೆ, ಅದನ್ನೂ ಹೊಸದರ ಬಿಲ್ಲನ್ನೂ ಕೈಗೆ ಕೊಟ್ಟೆ, ಆಮೇಲೇ ರೇಟಿನ ಮಾತಿಗೆ ಬಂದಿದ್ದು.

6. ಕೂವೆಮರ ಮತ್ತೆ ಅದರ ವೈರು

ಕೂವೆಮರ ಮಲಗಿಸಿಟ್ಟಿರೋದೇ ಒಳ್ಳೇದು, ಮೇಲಿನ ತುದಿ ಕೈಗೆ ಸಿಗುತ್ತೆ. ನಿಂತಿರೋ ವೈರುಗಳಿಗೆ ಸ್ಟ್ಯಾಂಡಿಂಗ್ ರಿಗ್ಗಿಂಗ್ ಅಂತಾರೆ, ಹಾಯಿ ಏರಿಸೋ ಎಳೆಯೋ ಹಗ್ಗಗಳಿಗೆ ರನ್ನಿಂಗ್ ರಿಗ್ಗಿಂಗ್. ವೈರ್ ಉದ್ದಕ್ಕೂ ಒಂದು ಟಿಶ್ಯೂ ಪೇಪರ್ ಸುತ್ತಿ ಎಳೀರಿ, ಬರಿಗೈ ಬೇಡ, ಮುರಿದ ಎಳೆ ಮೀನಿನ ಗಾಳದ ತರ ಚರ್ಮ ಹರೀತದೆ. ಟಿಶ್ಯೂ ಸಿಕ್ಕಾಕ್ಕೊಂಡ್ರೆ ಅಲ್ಲಿ ಎಳೆ ಮುರಿದಿದೆ, ಆ ವೈರ್ ಮುಗೀತು. ಎರಡೂ ತುದೀಲಿ ವೈರನ್ನ ಒತ್ತಿ ಕೂರಿಸಿರೋ ಸ್ಟೀಲ್ ತುಂಡುಗಳನ್ನ ಭೂತಗನ್ನಡೀಲಿ ನೋಡಿ, ಕೂದಲೆಳೆ ಬಿರುಕು ಇದ್ರೂ ಬದಲಾಯಿಸಬೇಕು. 10-15 ವರ್ಷ ದಾಟಿದ್ರೆ ಎಷ್ಟೇ ಚೆನ್ನಾಗಿ ಕಂಡ್ರೂ ಗಿರಾಕಿ ಕೇಳ್ತಾನೆ, ಪೂರ್ತಿ ಸೆಟ್ ಹಾಕಿಸೋದಾ ಅಥವಾ ರೇಟಲ್ಲಿ ಬಿಡೋದಾ ಅಂತ ಮೊದಲೇ ಲೆಕ್ಕ ಹಾಕಿಟ್ಕೊಳ್ಳಿ. ನಾನಾಗಿದ್ರೆ ರೇಟಲ್ಲಿ ಬಿಡ್ತೀನಿ, ಹೊಸ ಯಜಮಾನನಿಗೆ ತನಗೆ ಬೇಕಾದವರ ಹತ್ರ ಮಾಡಿಸೋ ಆಸೆ ಇರುತ್ತೆ.

ಫೋಟೋಗೆ ಅಂತ ಕೂವೆಮರ ನಿಲ್ಲಿಸೋರು ಮೊದಲು ತಲೆ ಎತ್ತಿ ನೋಡಿ. ಅದು ಅಲ್ಯುಮಿನಿಯಂ, ಮೇಲೆ ಕರೆಂಟ್ ವೈರ್ ಇದ್ರೆ ತಾಗಿದವನು ಉಳಿಯಲ್ಲ. ಮನೆ ಡ್ರೈವ್‌ವೇಲಿ, ಪಾರ್ಕಿಂಗಲ್ಲಿ, ದೋಣಿನ ನಿಲ್ಲಿಸಿದ ಕೂವೆಮರ ಸಮೇತ ಎಳ್ಕೊಂಡು ಹೋಗೋವಾಗ ಇಂಥ ಸಾವುಗಳು ನಡೆದಿವೆ.

7. ಹಾಯಿಗಳು

ಗಾಳಿ ಇಲ್ಲದ ಒಣ ದಿನ ಲಾನ್ ಮೇಲೆ ಹಾಸಿ. ಮೂರು ಮೂಲೆ, ಒಳಗೆ ಕಡ್ಡಿ ತೂರಿಸೋ ಜೇಬುಗಳು, ಹೊಲಿಗೆ ಸಾಲು ನೋಡಿ. ಉಗುರಲ್ಲಿ ಹೊಲಿಗೆ ದಾರ ಕೆದಕಿ, ಬಿಸಿಲಿಗೆ ಸುಟ್ಟಿದ್ರೆ ಪಟ್ ಅಂತ ಕಿತ್ತು ಬರುತ್ತೆ, ಬಟ್ಟೆ ಗಟ್ಟಿ ಇದ್ರೂ ದಾರ ಮೊದಲು ಹೋಗುತ್ತೆ. ಮುಂದಿನ ಹಾಯಿ ರೋಲರ್ ಫರ್ಲಿಂಗ್‌ದಾದ್ರೆ, ಅಂದ್ರೆ ಚಾಪೆ ತರ ಸುತ್ತಿಡೋ ಜಾತಿ, ಅದರ ಅಂಚಿಗೆ ಬಿಸಿಲು ತಡೆಯೋಕೆ ಹೊಲಿದಿರೋ ಪಟ್ಟಿನೇ ಮೊದಲು ಹರಿದಿರುತ್ತೆ.

ತೊಳಿಯೋದಾದ್ರೆ ಉಗುರುಬೆಚ್ಚಗಿನ ನೀರು, ಮೆತ್ತನೆ ಸೋಪು, ಮೆತ್ತನೆ ಬ್ರಶ್ಶು. ವಾಷಿಂಗ್ ಮಷೀನಿಗೆ ಹಾಕಿದ್ರೋ ಹಾಯಿ ಕಥೆ ಮುಗೀತು. ಬಣ್ಣಬಣ್ಣದ ತೆಳ್ಳನೆ ಸ್ಪಿನೇಕರ್ ಹಾಯಿ ನೈಲಾನಿಂದು, ಅದಕ್ಕೆ ಬ್ಲೀಚ್ ತಾಗಿಸಲೇಬಾರದು. ಪೂರ್ತಿ ಒಣಗಿಸಿ ಮಡಚಿ. ಪ್ರತಿ ಹಾಯಿಗೂ ಒಂದು ಫೋಟೋ, ಹರಿದಿರೋ ಕಡೆಗೆ ಇನ್ನೊಂದು.

8. ಎಂಜಿನ್ನು, ಬ್ಯಾಟರಿ

ಹಳೇ ಪೆಟ್ರೋಲಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ. ಇಲ್ಲಿನ ಪೆಟ್ರೋಲಲ್ಲಿ 10 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತೆ, ಅದು ನೀರು ಹೀರ್ಕೊಂಡು ತಳದಲ್ಲಿ ಬೇರೆ ಪದರ ಆಗಿ ನಿಲ್ಲುತ್ತೆ, ಕಾರ್ಬೊರೇಟರ್ ಒಳಗೆ ಅಂಟು ಕಟ್ಟಿರುತ್ತೆ. ಟ್ಯಾಂಕ್ ಖಾಲಿ ಮಾಡಿ, ಹಳೇದನ್ನ ಕೌಂಟಿಯ ಹಜಾರ್ಡಸ್ ವೇಸ್ಟ್ ಕಲೆಕ್ಷನ್‌ಗೆ ಕೊಡಿ, ಚರಂಡಿಗೆ ಚೆಲ್ಲಬೇಡಿ. ಹೊಸ ಪೆಟ್ರೋಲು, ಹೊಸ ಪ್ಲಗ್ಗು, ಎಂಜಿನ್ ಆಯಿಲ್ಲು. ಕೆಳಗಿನ ಗೇರ್ ಆಯಿಲ್ ಬಿಟ್ಟು ನೋಡಿ, ಕಾಫಿಗೆ ಹಾಲು ಹಾಕಿದ ಬಣ್ಣಕ್ಕೆ ಬಂದಿದ್ರೆ ಸೀಲ್ ಹೋಗಿ ನೀರು ಸೇರಿದೆ ಅಂತ.

ಇಂಪೆಲ್ಲರ್, ಅಂದ್ರೆ ತಂಪು ಮಾಡೋ ನೀರನ್ನ ಮೇಲಕ್ಕೆ ತಳ್ಳೋ ರಬ್ಬರ್ ಚಕ್ರ, ವರ್ಷಗಟ್ಲೆ ಕೂತ್ರೆ ರೆಕ್ಕೆ ಮುದುಡಿ ಹಾಗೇ ಗಟ್ಟಿಯಾಗಿರುತ್ತೆ, ಬದಲಾಯಿಸಿ. ನೀರಿಲ್ಲದೇ ಎಂಜಿನ್ ಓಡಿಸಬೇಡಿ, ಬರೀ "ಸೌಂಡ್ ಕೇಳಿಸೋಕೆ" ಅಂತ ಸ್ವಲ್ಪ ಹೊತ್ತು ಓಡಿಸಿದ್ರೂ ಆ ರಬ್ಬರ್ ಸುಟ್ಟು ಹೋಗುತ್ತೆ. ದೊಡ್ಡ ಡ್ರಮ್ಮಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ ಸ್ಟಾರ್ಟ್ ಮಾಡಿ, ಹಿಂದಿನಿಂದ ನೀರಿನ ಧಾರೆ ಚೆನ್ನಾಗಿ ಬರ್ತಿರೋದು ಕಾಣೋ ಹಾಗೆ ವಿಡಿಯೋ ತೆಗೆದಿಡಿ. ಈ ಒಂದು ನಿಮಿಷದ ವಿಡಿಯೋ ನಿಮಗೆ ಹತ್ತು ಫೋನ್ ಕಾಲ್ ಉಳಿಸುತ್ತೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಒಂದು ದಿನ ಬಿಟ್ಟು ಮಲ್ಟಿಮೀಟರ್ ಇಡಿ, 12.6 ವೋಲ್ಟ್ ಹತ್ರ ನಿಂತ್ರೆ ಸರಿ, 12ರ ಹತ್ರಕ್ಕೆ ಇಳಿದಿದ್ರೆ ಹೊಸದು ಹಾಕಿ. ಆಮೇಲೆ ಲೈಟುಗಳು: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ.

9. ಟ್ರೇಲರ್

ಇದನ್ನ ಯಾರೂ ಲೆಕ್ಕಕ್ಕೇ ಇಡಲ್ಲ, ಆದ್ರೆ ನೂರು ಮೈಲಿ ದೂರದಿಂದ ಪಿಕಪ್ ತಗೊಂಡು ಬಂದವನು ಅವತ್ತೇ ಎಳ್ಕೊಂಡು ಹೋಗೋಕೆ ಆಗುತ್ತಾ ಇಲ್ವಾ ಅನ್ನೋದರ ಮೇಲೆ ಎಷ್ಟೋ ವ್ಯಾಪಾರ ನಿಂತಿರುತ್ತೆ. ನನ್ನ ಪ್ರಕಾರ ನಿಮ್ಮ ಹತ್ರ ಒಂದೇ ಕೆಲ್ಸಕ್ಕೆ ದುಡ್ಡಿದೆ ಅಂದ್ರೆ ಅದು ಇಲ್ಲಿ ಹಾಕಿ. ಟೈರ್ ಪಕ್ಕ ಡಿಓಟಿ ಅಂತ ಬರೆದಿರೋದರ ಕೊನೇ ನಾಲ್ಕು ಅಂಕಿ ಓದಿ, 2319 ಅಂದ್ರೆ 2019ನೇ ವರ್ಷದ 23ನೇ ವಾರ. ಟ್ರೇಲರ್ ಟೈರು ಓಡಿ ಸವೆಯೋದಕ್ಕಿಂತ ನಿಂತೇ ಹಾಳಾಗೋದು ಜಾಸ್ತಿ, ಗೀರು ಪೂರ್ತಿ ಇರುತ್ತೆ, ಪಕ್ಕದಲ್ಲಿ ಬಿರುಕು ಬಿಟ್ಟಿರುತ್ತೆ. ಐದಾರು ವರ್ಷ ಆಗಿದ್ರೆ ಬದಲಾಯಿಸಿ, ಸ್ಪೇರನ್ನೂ ಸೇರಿಸಿ ನೋಡಿ. ಚಕ್ರ ಜ್ಯಾಕ್ ಮಾಡಿ ಕೈಯಲ್ಲಿ ತಿರುಗಿಸಿ, ಗರಗರ ಅಂದ್ರೆ ಬೇರಿಂಗ್ ಹೋಗಿದೆ. ಬ್ರೇಕ್ ಲೈಟು, ಇಂಡಿಕೇಟರು, ವಿಂಚ್ ಪಟ್ಟಿ, ಸೇಫ್ಟಿ ಚೈನು. ಕಪ್ಲರ್‌ಗೆ (ಗಾಡಿಗೆ ಸಿಕ್ಕಿಸೋ ತುದಿ) ಎಷ್ಟು ಇಂಚಿನ ಬಾಲ್ ಬೇಕು ಅಂತ ಜಾಹೀರಾತಲ್ಲೇ ಬರೀರಿ, ತಪ್ಪು ಸೈಜ್ ತಂದು ವಾಪಸ್ ಹೋದವರನ್ನ ನೋಡಿದೀನಿ.

10. ಸೇಫ್ಟಿ ಸಾಮಾನು

ಫ್ಲೇರುಗಳು, ಅಂದ್ರೆ ಅಪಾಯದಲ್ಲಿ ಹಚ್ಚಿ ತೋರಿಸೋ ಸಂಕೇತದ ಕಡ್ಡಿಗಳು, ತಯಾರಾಗಿ 42 ತಿಂಗಳಿಗೆ ಎಕ್ಸ್‌ಪೈರ್. ಡಿಸ್ಪೋಸಬಲ್ ಬೆಂಕಿ ಆರಿಸೋ ಸಿಲಿಂಡರ್ರು 12 ವರ್ಷಕ್ಕಿಂತ ಹಳೇದಿರಬಾರದು ಅಂತ ಕೋಸ್ಟ್ ಗಾರ್ಡ್ ನಿಯಮ 2022ರ ಏಪ್ರಿಲಿಂದ ಬಂದಿದೆ, ತಳದಲ್ಲಿ ವರ್ಷ ಇರುತ್ತೆ. ಹಳೇದನ್ನ ತೆಗೆದು ಪಕ್ಕಕ್ಕಿಡಿ, "ಸೇಫ್ಟಿ ಸಾಮಾನು ಎಲ್ಲಾ ಇದೆ" ಅಂತ ಸುಮ್ನೆ ಬರೀಬೇಡಿ.

11. ಫೋಟೋ, ರೇಟು, ಜಾಹೀರಾತು

ಮಿಶಿಗನ್‌ನಲ್ಲಿ ಜನ ದೋಣಿ ಹುಡುಕೋದು ಮಾರ್ಚಿಂದ ಮೇ ಒಳಗೆ. ಅಂದ್ರೆ ಕೆಲ್ಸ ಹಿಂದಿನ ಸೆಪ್ಟೆಂಬರಲ್ಲೇ ಶುರುವಾಗಿ, ಯುಗಾದಿ ಹೊತ್ತಿಗೆ ಜಾಹೀರಾತು ಹೊರಗಿರ್ಬೇಕು. ಅಕ್ಟೋಬರಲ್ಲಿ ಮಾರೋಕೆ ಹೋದ್ರೆ ಚಳಿಗಾಲದ ಸ್ಟೋರೇಜ್ ಬಾಡಿಗೆನ ಗಿರಾಕಿ ನಿಮ್ಮ ರೇಟಿಂದ್ಲೇ ಕಳೀತಾನೆ.

ಫೋಟೋ ನಲವತ್ತು ಬೇಕು, ನಾಲ್ಕಲ್ಲ. ಬಿಲ್ಜ್ ಒಳಗಡೆದು, ಕೀಲ್ ಹೋಸು, ಚೈನ್‌ಪ್ಲೇಟ್, ಟೈರ್ ಮೇಲಿನ ತಾರೀಖು, ಎಚ್‌ಐಎನ್ (ಕೊನೇ ಕೆಲವು ಅಂಕಿ ಮುಚ್ಚಿ). ನೀರಲ್ಲಿ ಹಾಯಿ ಬಿಚ್ಚಿರೋ ಹಳೇ ಫೋಟೋ ಇದ್ರೆ ಒಂದು ಹಾಕಿ, ಸೂರ್ಯಾಸ್ತದ ಫೋಟೋಗಳೇ ಎಂಟು ಇದ್ರೆ ಯಾರೂ ನಂಬಲ್ಲ.

ಮಾಡೆಲ್ ಸರಿಯಾಗಿ ಬರೀರಿ: ಕ್ಯಾಟಲೀನಾ 22ಕ್ಕೆ 1986ರಲ್ಲಿ ಹೊಸ ಡಿಸೈನ್ ಬಂತು, 1995ರಲ್ಲಿ ಮಾರ್ಕ್ ಟೂ. ಕಾಪ್ರಿ 22 ಅನ್ನೋದು ಬೇರೆಯೇ ದೋಣಿ. ರೇಟಿಗೆ ಬೇರೆಯವರು ಕೇಳ್ತಿರೋ ದುಡ್ಡು ನೋಡ್ಬೇಡಿ, ಎಷ್ಟಕ್ಕೆ ಹೋಯ್ತು ಅಂತ ವಿಚಾರಿಸಿ. ನೀವು ಹಾಕಿದ ಖರ್ಚಿನ ಲೆಕ್ಕ ಕೂಡಿಸಿ ರೇಟ್ ಕಟ್ಟೋದಂತೂ ಬಿಟ್ಬಿಡಿ, ಅದು ನಿಮ್ಮ ಖುಷಿಗೆ ಹೋದ ದುಡ್ಡು. ಇಷ್ಟು ಸಣ್ಣ ದೋಣಿಗೆ ಬ್ರೋಕರ್ ಬೇಡ, ಸಾಮಾನ್ಯವಾಗಿ 10 ಪರ್ಸೆಂಟ್ ಹತ್ರ ಕಮಿಷನ್ ಇರುತ್ತೆ, ಮತ್ತೆ ಅವರಿಗೂ ಇದರಲ್ಲಿ ಆಸಕ್ತಿ ಇರಲ್ಲ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸು, ಕ್ರೇಗ್ಸ್‌ಲಿಸ್ಟು ಸಾಕು. ಗೊತ್ತಿರೋ ಕೊರತೆಗಳನ್ನ ಒಂದು ಪ್ಯಾರಾದಲ್ಲಿ ನೇರವಾಗಿ ಬರೀರಿ.

12. ಗಿರಾಕಿ ಬಂದಾಗ

ಎಲ್ಲಾ ಖಾನೆ, ನೆಲದ ಹಲಗೆ ಬಿಚ್ಚಿಟ್ಟು ಟಾರ್ಚ್ ಅವರ ಕೈಗೆ ಕೊಟ್ಟು ನೀವು ಹತ್ತಡಿ ದೂರ ನಿಂತ್ಕೊಳ್ಳಿ. ಬೆನ್ನ ಹಿಂದೆ ನಿಂತು ಒಂದೇ ಸಮ ಮಾತಾಡ್ಬೇಡಿ, ಅವರಿಗೆ ಕುಟ್ಟಿ ಕೇಳೋಕೆ ಬಿಡಿ. ಸರ್ವೇಯರ್ ಕರ್ಕೊಂಡು ಬರ್ತೀನಿ ಅಂದ್ರೆ, ಅಂದ್ರೆ ದೋಣಿ ಪರೀಕ್ಷೆ ಮಾಡಿ ರಿಪೋರ್ಟ್ ಕೊಡೋ ತಜ್ಞ, ಖುಷಿಯಿಂದ ಒಪ್ಕೊಳ್ಳಿ, ಖರ್ಚು ಅವರದು. ನೀರಲ್ಲಿ ಓಡಿಸಿ ನೋಡ್ಬೇಕು ಅಂದ್ರೆ ಅಡ್ವಾನ್ಸ್ ತಗೊಂಡು ರಸೀದಿ ಕೊಟ್ಟ ಮೇಲೆ. ನೀರಿಂದ ಎತ್ತಿದ ಮೇಲೆ ರಸ್ತೆಗೆ ಬರೋ ಮುಂಚೆ ಡ್ರೇನ್ ಪ್ಲಗ್ ತೆಗೆದು ನೀರೆಲ್ಲ ಬಿಡಬೇಕು, ಹತ್ತಿರೋ ಗಿಡ ಪಾಚಿ ಕಿತ್ತು ಹಾಕ್ಬೇಕು, ಜೀಬ್ರಾ ಮಸಲ್ (ಒಂದು ಸಣ್ಣ ಚಿಪ್ಪುಜೀವಿ) ತರದ ಜೀವಿಗಳು ಬೇರೆ ಕೆರೆಗೆ ಹೋಗಬಾರದು ಅಂತ ಮಿಶಿಗನ್‌ನಲ್ಲಿ 2019ರಿಂದ ಇದು ಕಾನೂನು.

ಮೋಸದ ಎರಡು ತರ ಜಾಸ್ತಿ ನಡೀತಿದೆ. ಒಂದು, ದೋಣಿ ನೋಡದೇನೇ ರೇಟ್ ಒಪ್ಕೊಂಡು ಜಾಸ್ತಿ ದುಡ್ಡಿನ ನಕಲಿ ಕ್ಯಾಶಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡೋ ಚೆಕ್ಕು) ಕಳಿಸ್ತಾನೆ, ಉಳಿದಿದ್ದನ್ನ ಸಾಗಿಸೋನಿಗೆ ಕೊಡಿ ಅಂತಾನೆ, ಚೆಕ್ ವಾರ ಬಿಟ್ಟು ಬೌನ್ಸ್ ಆಗುತ್ತೆ. ಎರಡು, "ಈ ಲಿಂಕಲ್ಲೇ ಹಿಸ್ಟರಿ ರಿಪೋರ್ಟ್ ತೆಗೆದು ಕಳ್ಸಿ" ಅಂತ ಕೇಳೋದು, ಆ ಲಿಂಕು ನಿಮ್ಮ ಕ್ರೆಡಿಟ್ ಕಾರ್ಡಿಗೋಸ್ಕರ. ಕ್ಯಾಶ್ ತಗೊಳ್ಳಿ, ಇಲ್ಲಾ ಅವರ ಬ್ಯಾಂಕಿಗೇ ಜೊತೆ ಹೋಗಿ ಚೆಕ್ ಬರೆಸ್ಕೊಳ್ಳಿ.

ಬಿಲ್ ಆಫ್ ಸೇಲಲ್ಲಿ ದೋಣಿ, ಎಂಜಿನ್ನು, ಟ್ರೇಲರ್ ಮೂರಕ್ಕೂ ನಂಬರ್, ತಾರೀಖು, ರೇಟು, "ಇದ್ದ ಹಾಗೇ ಮಾರಿದೆ" ಅನ್ನೋ ಸಾಲು, ಇಬ್ಬರ ಸಹಿ, ಎರಡು ಕಾಪಿ. ಟೈಟಲ್ ಹಿಂದೆ ಸಹಿ ಹಾಕೋ ಮುಂಚೆ ದುಡ್ಡು ಎಣಿಸಿ, ಸಹಿ ಹಾಕಿದ ಮೇಲೆ ಟೈಟಲ್‌ದು ಎರಡೂ ಕಡೆ ಫೋಟೋ ತಗೊಳ್ಳಿ. ಇನ್ಶೂರೆನ್ಸು ಅವತ್ತೇ ಕ್ಯಾನ್ಸಲ್ ಮಾಡ್ಬೇಡಿ, ಅವರು ತಮ್ಮ ಹೆಸರಿಗೆ ಮಾಡಿಸ್ಕೊಂಡಿದ್ದು ಖಾತ್ರಿ ಆದ್ಮೇಲೆ ಮಾಡಿ, ಸ್ಟೋರೇಜಿನವರಿಗೂ ಅವತ್ತೇ ಫೋನ್ ಮಾಡಿ ಮುಂದಿನ ತಿಂಗಳಿಂದ ಬಾಡಿಗೆ ಎಳ್ಕೋಬೇಡಿ ಅಂತ ಹೇಳಿ. ಡ್ರೇನ್ ಪ್ಲಗ್ ನಿಮ್ಮ ಕಾರಿನ ಗ್ಲೋವ್ ಬಾಕ್ಸಲ್ಲೇ ಉಳ್ಕೊಂಡಿರುತ್ತೆ, ಅವರು ಗೇಟ್ ದಾಟೋ ಮುಂಚೆ ಕೊಟ್ಬಿಡಿ.